ಚೆನ್ನಾಗಿದ್ದೀನಿ ಅಂದರೆ ಸಾಲದು ಕಣಮ್ಮ

ಬೂದಿಗೆರೆ ಕಡೆ ಯಾವ ಬಸುರಿಯನ್ನು ಕೇಳಿದರೂ ಮೊದಲು ಬರೋ ಉತ್ತರ, "ಚೆನ್ನಾಗಿದ್ದೀನಿ, ಏನೂ ತೊಂದರೆ ಇಲ್ಲ" ಅಂತಲೇ. ನೀನೂ ಹಾಗೇ ಅಂದೆ. ನಿನ್ನ ಮಾತು ನಾನು ನಂಬ್ತೀನಿ ಕಣಮ್ಮ. ಊಟ ಸೇರ್ತಿದೆ, ನಿದ್ದೆ ಬರ್ತಿದೆ, ಮುಖದಲ್ಲಿ ಕಳೆ ಇದೆ. ಆದರೆ ಈ ಸುತ್ತಲ ಹಳ್ಳಿಗಳಲ್ಲಿ ನರ್ಸಮ್ಮ ಅನ್ನಿಸಿಕೊಂಡು ಮನೆಮನೆ ತಿರುಗಿದವಳು ನಾನು. ಬಸಿರಲ್ಲಿ ತಾಯಿ ಪ್ರಾಣಕ್ಕೇ ಬರೋ ದೊಡ್ಡ ಅಪಾಯಗಳಲ್ಲಿ ಬಹಳಷ್ಟು ಶುರುವಾಗೋವಾಗ ನೋಯೋದೇ ಇಲ್ಲ. ಬಿ.ಪಿ. ಏರಿದ್ದು ಮೈಗೆ ತಿಳಿಯಲ್ಲ. ರಕ್ತ ಕಡಿಮೆ ಆಗಿದ್ದು ಬಸಿರಿನ ಸುಸ್ತು ಅನ್ನಿಸುತ್ತೆ. ಸಕ್ಕರೆ ಏರಿದ್ದರ ಸುಳಿವೂ ಸಿಗಲ್ಲ. ಅವನ್ನ ಅಳೆದೇ ತಿಳಿಯಬೇಕು. ಹಾಗಾಗಿ ಎಷ್ಟೇ ಆರಾಮಾಗಿದ್ದರೂ ತಾಯಿ ಕಾರ್ಡ್ ಹಿಡಕೊಂಡು ಹೋಗಿ ಅಳೆಸಿಕೊಂಡು ಬಾ ಅಂತ ನಾನು ಹಟ ಹಿಡಿಯೋದು.

ಮೊದಲು ಬಿ.ಪಿ. ಮಾತು, ಯಾಕಂದರೆ ನನಗೆ ಎಲ್ಲಕ್ಕಿಂತ ಭಯ ಅದರದ್ದೇ. ನಮ್ಮ ಹಿರಿಯರು ಗರ್ಭನಂಜು ಅಂತಿದ್ದರಲ್ಲ, ಅದು. ಐದು ತಿಂಗಳು ಸಮೀಪಿಸಿ 20 ವಾರ ಕಳೆದ ಮೇಲೆ, ಅಲ್ಲಿಯವರೆಗೂ ಸರಿಯಾಗಿದ್ದ ಬಿ.ಪಿ. 140/90 ಮುಟ್ಟಿದರೆ ಎಚ್ಚರವಾಗಬೇಕು. ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಕಂಡರೆ ಕಾಯಿಲೆ ಮೂತ್ರಪಿಂಡಕ್ಕೂ ಇಳಿದಿದೆ ಅಂತ ಲೆಕ್ಕ. 160/110 ಮುಟ್ಟಿತು ಅಂದರೆ ನಾಳೆ ನೋಡೋಣ ಅನ್ನೋ ಮಾತಿಲ್ಲ, ಆ ಹೊತ್ತಿಗೇ ದೊಡ್ಡ ಆಸ್ಪತ್ರೆ. ಮಾಸು ಗರ್ಭಕೋಶದಲ್ಲಿ ಸರಿಯಾಗಿ ಬೇರೂರದೆ ಹೋದಾಗ ಇದಕ್ಕೆ ದಾರಿಯಾಗುತ್ತೆ, ಆಮೇಲೆ ತಾಯಿಯ ರಕ್ತನಾಳಗಳೆಲ್ಲ ಬಿಗಿಯುತ್ತವೆ ಅಂತ ವೈದ್ಯರು ಹೇಳ್ತಾರೆ. ಬದನೆಕಾಯಿ ತಿಂದಿದ್ದಕ್ಕೆ ಬಂತು, ಗ್ರಹಣದಲ್ಲಿ ಹೊರಗೆ ಓಡಾಡಿದ್ದಕ್ಕೆ ಬಂತು, ಯಾರದೋ ದೃಷ್ಟಿ ತಗಲಿತು ಅನ್ನೋದಕ್ಕೆಲ್ಲ ಕಿವಿ ಕೊಡಬೇಡ. ಆ ಮಾತುಗಳಿಂದ ಹುಡುಗಿ ತಾನೇ ಏನೋ ತಪ್ಪು ಮಾಡಿದೆ ಅಂದುಕೊಂಡು ಬಾಯಿ ಮುಚ್ಚಿಕೊಂಡು ಕೂರ್ತಾಳೆ, ಅದೇ ದೊಡ್ಡ ನಷ್ಟ.

ಸಂಜೆ ಹೊತ್ತಿಗೆ ಪಾದ ಸ್ವಲ್ಪ ಊದೋದು ಬಸಿರಲ್ಲಿ ಸಾಮಾನ್ಯ. ಆದರೆ ಬೆಳಿಗ್ಗೆ ಏಳೋವಾಗಲೇ ಮುಖ ಊದಿದ್ದರೆ, ಸೀಮಂತದಲ್ಲಿ ತೊಡಿಸಿದ ಬಳೆ ಮೊನ್ನೆವರೆಗೂ ಸಡಿಲವಾಗಿ ಆಡ್ತಿದ್ದದ್ದು ಈಗ ಕೈಗೆ ಬಿಗಿಯಾಗಿದ್ದರೆ, ಒಂದೇ ವಾರದಲ್ಲಿ ತೂಕ ದಿಢೀರಂತ ಏರಿದ್ದರೆ ಅದೇ ದಿನ ಬಿ.ಪಿ. ನೋಡಿಸು. ಬಿಡದ ತಲೆನೋವು, ಕಣ್ಣು ಮಂಜಾಗೋದು, ಕಣ್ಣ ಮುಂದೆ ಮಿಂಚು ಹೊಡೆದ ಹಾಗೆ ಆಗೋದು, ಎದೆಗೂಡಿನ ಕೆಳಗೆ ಬಲಗಡೆ ನೋವು ಬರೋದು, ಇವನ್ನ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗುವವರನ್ನ ನೋಡಿದ್ದೀನಿ. ಹಾಗೆ ಮಾಡಬೇಡ. ಅದರ ಮುಂದಿನ ಮೆಟ್ಟಿಲೇ ಫಿಟ್ಸ್.

ಫಿಟ್ಸ್ ಬಂದಾಗ ಮನೆಯವರು ಗಾಳಿ ಸೋಕಿದೆ ಅಂತ ಕೈಗೆ ಬೀಗದ ಕೈ ಕೊಟ್ಟು, ಯಂತ್ರ ಕಟ್ಟಿಸೋಕೆ ಓಡೋದು ಇನ್ನೂ ಪೂರ್ತಿ ನಿಂತಿಲ್ಲ. ನಿನ್ನ ಗಂಡನಿಗೂ ಅತ್ತೆಗೂ ಈಗಲೇ ಹೇಳಿಡು: ಎಡ ಮಗ್ಗುಲಿಗೆ ಹೊರಳಿಸಬೇಕು, ಬಾಯೊಳಗೆ ಚಮಚ, ಬಟ್ಟೆ, ನೀರು ಯಾವುದೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು. ಇದಕ್ಕೆ ಒಳ್ಳೆಯ ಮದ್ದು ಇದೆ. ಮ್ಯಾಗ್ನೀಷಿಯಂ ಸಲ್ಫೇಟ್ ಅನ್ನೋ ಇಂಜೆಕ್ಷನ್, ದುಬಾರಿಯದ್ದೇನಲ್ಲ. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಬಸುರಿ ಬಾಣಂತಿಯರ ಮೇಲೆ ನಡೆದ ದೊಡ್ಡ ಅಧ್ಯಯನ 2002ರಲ್ಲಿ ಹೊರಬಂತು. ನಂಜು ಇದ್ದವರಿಗೆ ಈ ಇಂಜೆಕ್ಷನ್ ಕೊಟ್ಟರೆ ಫಿಟ್ಸ್ ಬರೋ ಸಂಭವ ಅರ್ಧಕ್ಕಿಂತ ಕಡಿಮೆ ಆಗುತ್ತೆ ಅಂತ ಅದು ತೋರಿಸಿಕೊಟ್ಟಿತು. ಮೊದಲ ಡೋಸನ್ನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಟ್ಟು ಮುಂದಕ್ಕೆ ಕಳಿಸಬಹುದು. ಮದ್ದು ಹತ್ತಿರದಲ್ಲಿದ್ದೂ ಯಂತ್ರಕ್ಕೆ ಓಡಿದ್ದರಿಂದ ಒಬ್ಬಳು ಹೋದಳು ಅಂದರೆ ಅದಕ್ಕಿಂತ ಹೊಟ್ಟೆ ಉರಿಯೋದು ಬೇರೆ ಇಲ್ಲ.

ಮೂರು ತಿಂಗಳು ತುಂಬೋಕೆ ಮುಂಚೆಯೇ ಹೆಸರು ಬರೆಸು ಅಂತ ಆಶಾ ಕಾರ್ಯಕರ್ತೆ ಬೆನ್ನು ಹತ್ತೋದಕ್ಕೂ ಇದೇ ಕಾರಣ. ಬಸಿರಿನ ಶುರುವಿನಲ್ಲಿ ನಿನ್ನ ಬಿ.ಪಿ. ಎಷ್ಟಿತ್ತು ಅನ್ನೋದು ಕಾರ್ಡಿನಲ್ಲಿ ಇದ್ದರೆ ತಾನೇ ಆಮೇಲೆ ಏರಿದ್ದು ತಿಳಿಯೋದು. ಹಿಂದಿನ ಹೆರಿಗೆಯಲ್ಲಿ ನಂಜು ಆಗಿದ್ದವರಿಗೆ, ಅವಳಿ ಮಕ್ಕಳಿದ್ದವರಿಗೆ, ಮೊದಲೇ ಬಿ.ಪಿ. ಅಥವಾ ಷುಗರ್ ಇದ್ದವರಿಗೆ ವೈದ್ಯರು 12 ವಾರ ಆದ ಮೇಲೆ ಕಡಿಮೆ ಶಕ್ತಿಯ ಆಸ್ಪಿರಿನ್ ಶುರುಮಾಡೋದೂ ಉಂಟು. ಮೆಡಿಕಲ್ ಶಾಪಿಗೆ ಹೋಗಿ ನೀನೇ ತಗೊಳ್ಳೋ ಮಾತ್ರೆ ಅಲ್ಲ ಅದು. ಆದರೆ ತಡವಾಗಿ ಹೋದರೆ ಅದರ ಹೊತ್ತು ಮೀರಿಹೋಗಿರುತ್ತೆ.

ಇನ್ನು ರಕ್ತ. ದೇಶದ ಬಸುರಿಯರಲ್ಲಿ ಅರ್ಧಕ್ಕೂ ಹೆಚ್ಚು ಜನಕ್ಕೆ, ಅಂದರೆ ಶೇ 52ರಷ್ಟು ಹೆಂಗಸರಿಗೆ, ರಕ್ತಹೀನತೆ ಇದೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಬಸುರಿಗೆ ಹಿಮೋಗ್ಲೋಬಿನ್ 11 ಗ್ರಾಂ ಇರಬೇಕು. 7ಕ್ಕಿಂತ ಕೆಳಗಿಳಿದರೆ ಅದು ತೀವ್ರ. ಅಂಥವಳಿಗೆ ಹೆರಿಗೆಯಲ್ಲಿ ಬೇರೆಯವರು ತಡಕೊಳ್ಳೋ ಅಷ್ಟು ರಕ್ತ ಹೋದರೂ ಜೀವಕ್ಕೇ ಬರುತ್ತೆ. ಕಬ್ಬಿಣದ ಮಾತ್ರೆ ತಿಂದರೆ ಮಗು ಕಪ್ಪಾಗುತ್ತೆ, ಮಗು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತೆ ಅಂತ ಹೇಳೋರು ನಿನ್ನ ಮನೆಯಲ್ಲೂ ಇರಬಹುದು. ಎರಡೂ ಸುಳ್ಳು. ಮಲ ಕಪ್ಪಗೆ ಹೋಗುತ್ತೆ ಅಷ್ಟೇ, ಅದರಿಂದ ತೊಂದರೆ ಇಲ್ಲ. ನಾಲ್ಕನೇ ತಿಂಗಳಿಂದ ದಿನಕ್ಕೊಂದು, 180 ದಿನ. ಹೆರಿಗೆ ಆದ ಮೇಲೆ ಮತ್ತೆ 180 ದಿನ. ವಾಕರಿಕೆ ಬಂದರೆ ರಾತ್ರಿ ಊಟ ಆದ ಮೇಲೆ ನುಂಗಿ ಮಲಗು. ಕಾಫಿ, ಟೀ, ಹಾಲಿನ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆ ಜೊತೆಗೂ ಬೇಡ, ಒಂದು ಇನ್ನೊಂದನ್ನ ಮೈಗೆ ಹತ್ತೋಕೆ ಬಿಡಲ್ಲ. ಹುಳಿ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತೆ. ನಮ್ಮ ದೇವನಹಳ್ಳಿ ಚಕ್ಕೋತ ಇರೋ ಊರಲ್ಲಿ ಅದಕ್ಕೇನು ಬರ? ನಾಲ್ಕು ತೊಳೆ ತಿನ್ನು. ಚಕ್ಕೋತದ ಕಾಲ ಅಲ್ಲದಿದ್ದರೆ ಸಾರಿಗೆ ನಿಂಬೆಹಣ್ಣು ಹಿಂಡಿಕೋ.

ರಾಗಿಮುದ್ದೆ ತಿಂದರೆ ರಕ್ತ ತಾನೇ ಆಗುತ್ತೆ ಅನ್ನೋದು ನಮ್ಮ ಕಡೆಯ ಗಟ್ಟಿ ನಂಬಿಕೆ. ರಾಗಿ ಒಳ್ಳೆಯದೇ, ಅದರಲ್ಲಿರೋ ಸುಣ್ಣದ ಅಂಶ ಮೂಳೆಗೆ ಬೇಕು. ಮಸ್ಸೊಪ್ಪು, ಬಸ್ಸಾರು, ಅವರೆಕಾಳು, ಮೊಟ್ಟೆ, ಮಾಂಸ ತಿನ್ನೋ ಮನೆಯಾದರೆ ಈರಲಿ, ಎಲ್ಲ ತಿನ್ನು. ಆದರೆ ಹಿಮೋಗ್ಲೋಬಿನ್ ಇಳಿದ ಮೇಲೆ ಊಟ ಒಂದರಿಂದಲೇ ಮೇಲೇಳೋಕೆ ಆಗಲ್ಲ, ಹೊತ್ತು ಸಾಲದು. ಮಾತ್ರೆಗೂ ಏರದಿದ್ದರೆ ರಕ್ತನಾಳಕ್ಕೆ ಕಬ್ಬಿಣದ ಡ್ರಿಪ್ ಹಾಕ್ತಾರೆ, ಹೆದರಬೇಡ. ಗೋಡೆ ಮಣ್ಣು, ಸುಣ್ಣ, ವಿಭೂತಿ ತಿನ್ನಬೇಕು ಅನ್ನಿಸ್ತಿದ್ದರೆ ನಾಚಿಕೆ ಪಡದೆ ನರ್ಸಮ್ಮನಿಗೆ ಹೇಳು. ರಕ್ತ ಕಡಿಮೆ ಇದ್ದವರಿಗೆ ಹಾಗಾಗೋದು ಉಂಟು. 2017ರ ಅಕ್ಟೋಬರ್ 2ರಿಂದ ರಾಜ್ಯದಲ್ಲಿ ಮಾತೃಪೂರ್ಣ ಅಂತ ಯೋಜನೆ ಇದೆಯಲ್ಲ, ಅಂಗನವಾಡಿಯಲ್ಲಿ ಮಧ್ಯಾಹ್ನ ಬಿಸಿಯೂಟ, ಮೊಟ್ಟೆ, ಹಾಲು, ಚಿಕ್ಕಿ. ನಮ್ಮಂಥ ಮನೆಯವರು ಅಲ್ಲಿ ಹೋಗಿ ಕೂರೋದೇ ಅಂತ ಬಿಗುಮಾನ ಮಾಡಬೇಡ. ಹೂವಿನ ಪಾಲಿಹೌಸಿಗೆ, ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗೋ ಹೆಂಗಸರಿಗೆ ಆ ಹೊತ್ತಿಗೆ ಅಲ್ಲಿಗೆ ಬರೋಕೆ ಆಗಲ್ಲ ಅನ್ನೋದೇ ನನಗಿರೋ ಕೊರಗು.

ಸಕ್ಕರೆ ಪರೀಕ್ಷೆ ಸುಲಭ. 75 ಗ್ರಾಂ ಗ್ಲೂಕೋಸ್ ಕರಗಿಸಿದ ನೀರು ಕುಡಿದು ಎರಡು ಗಂಟೆ ಬಿಟ್ಟು ರಕ್ತ ಕೊಡಬೇಕು. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗರ್ಭಿಣಿಯ ಷುಗರ್ ಅಂತ ಲೆಕ್ಕ. ಹಿಂದೆ ಖಾಲಿ ಹೊಟ್ಟೆಯಲ್ಲೇ ಹೋಗಬೇಕು ಅಂತ ಕೂಲಿ ಬಿಟ್ಟು ಬೆಳಿಗ್ಗೆಯೇ ಬಸ್ ಹತ್ತಬೇಕಿತ್ತು. ಊಟ ಮಾಡಿದ್ದರೂ ಮಾಡದಿದ್ದರೂ ನಡೆಯೋ ಈ ಒಂದೇ ಸಲದ ಪರೀಕ್ಷೆ ನಮ್ಮ ದೇಶದಲ್ಲಿ ಬೇರೂರೋ ಹಾಗೆ ಮಾಡಿದವರಲ್ಲಿ ಚೆನ್ನೈನ ಡಾ. ವಿ. ಶೇಷಯ್ಯ ಮುಖ್ಯರು. ಬಡ ಹೆಂಗಸರ ಕಷ್ಟ ಅರಿತು ಮಾಡಿದ ಕೆಲಸ ಅದು. ಮೊದಲ ಭೇಟಿಯಲ್ಲಿ ಸರಿ ಇದೆ ಅಂದರೂ 24ರಿಂದ 28 ವಾರದೊಳಗೆ ಇನ್ನೊಂದು ಸಲ ಮಾಡಿಸಲೇಬೇಕು. ಬಹಳ ಜನಕ್ಕೆ ಊಟ ತಿದ್ದಿಕೊಂಡು ನಡೆದಾಡಿದರೇ ಹತೋಟಿಗೆ ಬರುತ್ತೆ. ಇನ್ಸುಲಿನ್ ಬರೆದುಕೊಟ್ಟರೆ ಮಗುವಿಗೆ ತೊಂದರೆ ಅಂತ ಬಿಡಬೇಡ, ಏರಿದ ಸಕ್ಕರೆಯಿಂದಲೇ ಮಗುವಿಗೆ ತೊಂದರೆ.

ರಕ್ತದ ಗುಂಪು ನೆಗೆಟಿವ್ ಅಂತ ಕಾರ್ಡಿನಲ್ಲಿ ಬರೆದಿದ್ದರೆ ಆ್ಯಂಟಿ-ಡಿ ಇಂಜೆಕ್ಷನ್ ಯಾವಾಗ ಅಂತ ಕೇಳಿಕೋ. 28ನೇ ವಾರದ ಹೊತ್ತಿಗೆ ಒಂದು, ಮಗುವಿನದ್ದು ಪಾಸಿಟಿವ್ ಆದರೆ ಹೆರಿಗೆ ಆಗಿ 72 ಗಂಟೆಯೊಳಗೆ ಇನ್ನೊಂದು.

ಈಗ ಇಲ್ಲಿ ನಮ್ಮ ಪದ್ಧತಿಯಿಂದಲೇ ಬರೋ ಒಂದು ತೊಡಕು ಹೇಳ್ತೀನಿ, ಇದನ್ನ ಗಮನ ಇಟ್ಟು ಕೇಳು. ಏಳನೇ ತಿಂಗಳು ಸೀಮಂತ, ಆಮೇಲೆ ಮೊದಲ ಹೆರಿಗೆ ತವರಲ್ಲಿ ಅಂತ ಹುಡುಗಿಯನ್ನ ಕಳಿಸಿಕೊಡ್ತೀವಿ. ನಂಜು ತಲೆ ಎತ್ತೋದೂ ಹೆಚ್ಚಾಗಿ ಅದೇ ತಿಂಗಳುಗಳಲ್ಲೇ. ಬೂದಿಗೆರೆಯ ನರ್ಸಮ್ಮ "ತವರಿಗೆ ಹೋದಳು" ಅಂತ ಬರಕೋತಾಳೆ, ಮಾಲೂರಿನ ಕಡೆಯ ಹಳ್ಳಿಯಲ್ಲೋ ಚಿಂತಾಮಣಿ ಕಡೆಯಲ್ಲೋ ಇರೋ ನರ್ಸಮ್ಮನಿಗೆ ನೀನು ಬಂದಿರೋದೇ ಗೊತ್ತಿರಲ್ಲ. ನೆಂಟರಿಷ್ಟರು, ಬಳೆ, ಹೂವು, ಬಯಕೆ ಊಟ, ಈ ಸಡಗರದಲ್ಲಿ ಒಂದೂವರೆ ಎರಡು ತಿಂಗಳು ಬಿ.ಪಿ. ನೋಡೋರೇ ಇರಲ್ಲ. ತವರಿಗೆ ಕಾಲಿಟ್ಟ ವಾರದಲ್ಲೇ ಅಲ್ಲಿನ ಆಶಾಗೆ ಹೇಳಿ ಕಳಿಸು, ಕಾರ್ಡ್ ತೋರಿಸು. ಸೀರೆಯ ಪೆಟ್ಟಿಗೆಯಲ್ಲಿ ಕಾರ್ಡ್ ಇಡಬೇಡ, ಕೈಚೀಲದಲ್ಲೇ ಇರಲಿ. ಎಂಟನೇ ತಿಂಗಳಿಂದ ಎರಡು ವಾರಕ್ಕೊಮ್ಮೆ, ಕೊನೆಯ ತಿಂಗಳು ವಾರಕ್ಕೊಮ್ಮೆ ನೋಡಿಸಿದರೂ ಅತಿ ಆಯ್ತು ಅಂತ ಯಾವ ವೈದ್ಯರೂ ಅನ್ನಲ್ಲ.

ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೇ ಅಂತ ವೈದ್ಯರ ತಪಾಸಣೆ ಇರುತ್ತೆ, 2016ರಿಂದ ನಡಕೊಂಡು ಬಂದಿದೆ. ಅಪಾಯ ಕಂಡವರ ಕಾರ್ಡಿಗೆ ಕೆಂಪು ಸ್ಟಿಕ್ಕರ್ ಹಚ್ಚುತ್ತಾರೆ. ಆ ಕೆಂಪು ನೋಡಿ ಅತ್ತು, ಮನೆಗೆ ಬಂದು ಕೆರೆದು ತೆಗೆದವರೂ ಇದ್ದಾರೆ. ಹಾಗೆ ಮಾಡಬೇಡಮ್ಮ. ಮುಂದೆ ಯಾವ ಆಸ್ಪತ್ರೆಗೆ ಹೋದರೂ ಕೂಡಲೇ ಗಮನ ಕೊಡಲಿ ಅಂತ ಹಚ್ಚಿದ ಗುರುತು ಅದು. ಕೆಂಪು ಬಂದರೆ ಹೆರಿಗೆ ಎಲ್ಲಿ ಅನ್ನೋದನ್ನ ಅವತ್ತೇ ವೈದ್ಯರ ಜೊತೆ ಕೂತು ತೀರ್ಮಾನ ಮಾಡು. ಹಿಂದಿನದು ಸಿಸೇರಿಯನ್ ಆಗಿದ್ದರಂತೂ, ಆಪರೇಷನ್ ಮತ್ತು ರಕ್ತ ಎರಡೂ ಇರೋ ಕಡೆಯೇ ಹೆರಿಗೆ ಆಗಬೇಕು.

ಸೂಲಗಿತ್ತಿ ನರಸಮ್ಮನವರು ಗೊತ್ತಲ್ಲ, ಪಾವಗಡದ ಕಡೆಯವರು, ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ತಾಯಿ. ಅಂಥ ಕೈಗುಣಕ್ಕೆ ನಾನು ಕೈ ಮುಗೀತೀನಿ. ಮಗುವಿನ ತಲೆ ಎಲ್ಲಿದೆ, ಅಡ್ಡ ಇದೆಯಾ ಅಂತ ಹೊಟ್ಟೆ ಮುಟ್ಟಿ ಹೇಳೋ ಬೆರಳುಗಳು ಅವರಂಥವರದ್ದು. ಆದರೆ ರಕ್ತದೊತ್ತಡ ಎಷ್ಟು ಅಂತ ಯಾರ ಬೆರಳಿಗೂ ಸಿಗಲ್ಲ. ಹೋಗೋ ರಕ್ತ ಎಷ್ಟು ಅಂತ ಯಾರ ಕಣ್ಣಿಗೂ ಸರಿಯಾಗಿ ಸಿಗಲ್ಲ.

ಈ ಎರಡನೇ ಮಾತನ್ನ ಜಗತ್ತಿಗೆ ತೋರಿಸೋದರಲ್ಲಿ ನಮ್ಮ ಬೆಳಗಾವಿಯ ಪಾಲು ದೊಡ್ಡದು. ಹೆರಿಗೆ ಆದ ಮೇಲೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದು ಅಪಾಯ. ಬಟ್ಟೆಗೆ, ಚಾಪೆಗೆ ಹೀರಿಕೊಂಡ ರಕ್ತವನ್ನ ಕಣ್ಣಂದಾಜಲ್ಲಿ ನೋಡಿದರೆ ಅನುಭವ ಇದ್ದವರೂ ಕಡಿಮೆಯೇ ಹೇಳ್ತಾರೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಹೊರದೇಶದ ತಜ್ಞರ ಜೊತೆ ಸೇರಿ, ಗೆರೆ ಹಾಕಿದ ಪ್ಲಾಸ್ಟಿಕ್ ಹಾಳೆಯನ್ನ ಬಾಣಂತಿಯ ಕೆಳಗೆ ಹಾಸಿ ರಕ್ತ ಅಳೆಯೋ ವಿಧಾನವನ್ನ ಹಳ್ಳಿ ಹೆರಿಗೆಗಳಲ್ಲಿ ಬಳಸಿದರು. ಹಳ್ಳಿಯ ನರ್ಸಮ್ಮಗಳೇ ಹೆರಿಗೆ ಆದ ಕೂಡಲೇ ರಕ್ತಸ್ರಾವ ತಡೆಯೋ ಮಿಸೋಪ್ರೋಸ್ಟಾಲ್ ಮಾತ್ರೆ ನುಂಗಿಸಿದರು. 1620 ಹೆಂಗಸರ ಆ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅತಿಸ್ರಾವ ಶೇ 12ರಿಂದ 6.4ಕ್ಕೆ ಇಳಿದಿತ್ತು. ಆಮೇಲೆ 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ಅಂಥದ್ದೇ ಗೆರೆ ಹಾಕಿದ ಹಾಳೆಯಲ್ಲಿ ಅಳೆದು, ಅಪಾಯ ಕಂಡ ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಶುರುಮಾಡಿದಾಗ ತೀವ್ರ ರಕ್ತಸ್ರಾವ ಶೇ 60ರಷ್ಟು ತಗ್ಗಿತು. ನಮ್ಮ ನಾಡಿನ ಹಳ್ಳಿ ನರ್ಸಮ್ಮಗಳು ಮಾಡಿದ ಕೆಲಸ ಅಲ್ಲಿಗೆ ಹೋಗಿ ಮುಟ್ಟಿತಲ್ಲ ಅಂತ ನನಗೆ ಬಲು ಹೆಮ್ಮೆ.

2001–03ರಲ್ಲಿ ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ತೀರಿಕೊಳ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಪಕ್ಕದ ಕೇರಳದಲ್ಲಿ ಆಗ 19. ಅಂದರೆ ನಾವು ಇನ್ನೂ ಇಳಿಸೋದಿದೆ. 2024ರ ಕೊನೆಯಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ನಾಡೆಲ್ಲ ಮರುಗಿತು. ಆಮೇಲೆ ಸರ್ಕಾರ ರಾಜ್ಯದ ತಾಯಂದಿರ ಸಾವುಗಳನ್ನ ಒಂದೊಂದಾಗಿ ಪರಿಶೀಲಿಸಿದಾಗ, ಶೇ 70ರಷ್ಟನ್ನ ತಪ್ಪಿಸಬಹುದಿತ್ತು ಅಂತ ಗೊತ್ತಾಯಿತು. ಆಸ್ಪತ್ರೆ ಸರಿ ಮಾಡಬೇಕಾದ್ದನ್ನ ಆಸ್ಪತ್ರೆಯೇ ಸರಿ ಮಾಡಬೇಕು, ಅದನ್ನ ಬಸುರಿಯ ತಲೆಗೆ ಕಟ್ಟೋದು ಅನ್ಯಾಯ. ಆದರೆ ಮನೆಯಲ್ಲಿ ಕಳೆದುಹೋಗೋ ಹೊತ್ತು ಮಾತ್ರ ನಮ್ಮ ಕೈಯಲ್ಲಿದೆ.

ಆ ಹೊತ್ತು ಹೇಗೆ ಹೋಗುತ್ತೆ ಗೊತ್ತಾ? ಯಜಮಾನರು ಬರಲಿ, ದುಡ್ಡು ಹೊಂದಿಸೋಣ, ಬೆಳಗಾಗಲಿ, ಅಮಾವಾಸ್ಯೆ ಕಳೀಲಿ. ಹಾಗಾಗಿ ನಿನ್ನ ಮನೆಯವರ ಹತ್ತಿರ ಈ ವಾರವೇ ಕೂತು ಮಾತಾಡು. ರಾತ್ರಿ ಹೊತ್ತು ಯಾರ ಗಾಡಿ, ಯಾರು ಜೊತೆಗೆ ಬರ್ತಾರೆ, ನಿನ್ನ ಗುಂಪಿನ ರಕ್ತ ಕೊಡೋ ಇಬ್ಬರು ಯಾರು, ಮೊದಲು ಯಾವ ಆಸ್ಪತ್ರೆ. ನಮ್ಮೂರಿಂದ ಒಂದು ಕಡೆ ದೇವನಹಳ್ಳಿ, ಇನ್ನೊಂದು ಕಡೆ ಹೊಸಕೋಟೆ. ಬೂದಿಗೆರೆ ಕ್ರಾಸಿನಲ್ಲಿ ಸಂಜೆ ಹೊತ್ತು ಲಾರಿ, ಕಾರು ಕಟ್ಟಿಕೊಂಡು ನಿಂತರೆ ಎಷ್ಟು ಹೊತ್ತಾಗುತ್ತೆ ಅಂತ ನಿನ್ನ ಗಂಡನಿಗೇ ಗೊತ್ತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ ಕಳಿಸಬೇಕಾಗಿ ಬಂದರೆ ಇನ್ನೂ ದೂರ. ದಾರಿ ದೂರ ಇರೋದರಿಂದಲೇ ಹೊರಡೋದು ಬೇಗ ಆಗಬೇಕು. ಹೋಗೋ ಮೊದಲು ಯಾರಾದರೂ ಆಸ್ಪತ್ರೆಗೆ ಫೋನ್ ಮಾಡಿ, ವೈದ್ಯರು, ರಕ್ತ ಇದೆಯಾ ಅಂತ ಕೇಳಿಕೊಂಡರೆ ಒಂದು ಬಾಗಿಲಿಂದ ಇನ್ನೊಂದು ಬಾಗಿಲಿಗೆ ಅಲೆಯೋದು ತಪ್ಪುತ್ತೆ. ದುಡ್ಡಿನ ಯೋಚನೆ ಬೇಡ, ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ ಎಲ್ಲ ಉಚಿತ ಅಂತ 2011ರಿಂದ ನಿಯಮ ಇದೆ.

ಯಾವುದಕ್ಕೆ ಯಾರನ್ನೂ ಕೇಳದೆ ಹೊರಡಬೇಕು ಅಂತ ಕೇಳ್ತೀಯ. ಯಾವ ತಿಂಗಳಾದರೂ ರಕ್ತ ಕಂಡರೆ ಹೊರಡು. ನೋವಿಲ್ಲದೆ ರಕ್ತ ಹೋದರೆ ಪರವಾಗಿಲ್ಲ ಅಂದುಕೊಳ್ಳಬೇಡ, ಮಾಸು ಗರ್ಭದ ಬಾಯಿಗೇ ಅಡ್ಡ ಕೂತಿದ್ದಾಗ ನೋವೇ ಇರಲ್ಲ. ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿ ನೋಯ್ತಿದ್ದರೆ, ಮಾಸು ಮೊದಲೇ ಬಿಟ್ಟುಕೊಂಡಿರಬಹುದು. ನೀರು ಒಡೆದರೆ, ಹೆರಿಗೆ ನೋವು ಬರಲಿ ಅಂತ ಕಾಯಬೇಡ. ಮೂರು ತಿಂಗಳೊಳಗೆ ಕೆಳಹೊಟ್ಟೆಯ ಒಂದೇ ಕಡೆ ಜೋರು ನೋವು, ತಲೆ ತಿರುಗೋದು ಇದ್ದರೆ ಗರ್ಭ ನಾಳದಲ್ಲಿ ಕೂತಿರೋ ಸಂಭವ, ಅದು ಒಡೆದರೆ ಒಳಗೇ ರಕ್ತ ಸೋರುತ್ತೆ. ಜ್ವರ, ಮಲಗಿದ್ದರೂ ಉಸಿರು ಕಟ್ಟೋದು ಇದ್ದರೂ ಹೊರಡು. ಇನ್ನು ಮಗುವಿನ ಆಟ. ಏಳು ತಿಂಗಳಾದ ಮೇಲೆ ನಿನ್ನ ಮಗು ಯಾವ ಹೊತ್ತಿಗೆ ಎಷ್ಟು ಒದೆಯುತ್ತೆ ಅಂತ ನಿನಗೇ ಗೊತ್ತಾಗಿರುತ್ತೆ. ಅದು ಕಡಿಮೆ ಆಯ್ತು ಅನ್ನಿಸಿದರೆ ಊಟ ಮಾಡಿ ಎಡ ಮಗ್ಗುಲಿಗೆ ಮಲಗಿ ಗಮನಿಸು. ಎರಡು ಗಂಟೆಯಲ್ಲಿ ಹತ್ತು ಸಲವೂ ಅಲುಗಾಡದಿದ್ದರೆ ಆಸ್ಪತ್ರೆಗೆ ನಡಿ. ಹೊತ್ತು ಹತ್ತಿರ ಬಂದಾಗ ಮಗು ಆಡೋದು ನಿಲ್ಲಿಸುತ್ತೆ ಅನ್ನೋ ಮಾತು ನಂಬಬೇಡ.

ಅತ್ತೆಯವರೂ ಇದನ್ನ ಓದ್ತಾರೆ ಅಂದುಕೊಂಡಿದ್ದೀನಿ. ಅಕ್ಕ, ಬಾಣಂತನದಲ್ಲಿ ನಿಮ್ಮ ಕೈ ದೊಡ್ಡದು. ಎಣ್ಣೆ ನೀರು, ಸಾರು, ಬೆಚ್ಚಗೆ ನೋಡಿಕೊಳ್ಳೋದು ಎಲ್ಲ ಇರಲಿ. ನೀರು ಕುಡಿದರೆ ಹೊಟ್ಟೆ ಬರುತ್ತೆ ಅಂತ ಬಾಯಾರಿಕೆಗೆ ಕಟ್ಟು ಹಾಕಬೇಡಿ, ಹಾಲು ಕುಡಿಸೋ ತಾಯಿಗೆ ನೀರು ಬೇಕೇ ಬೇಕು. ಹೆರಿಗೆ ಆಯ್ತು, ಗಂಡಾಂತರ ಕಳೀತು ಅಂತ ಎಲ್ಲರೂ ಮಗುವಿನ ಸುತ್ತ ಸೇರೋ ಹೊತ್ತಲ್ಲೇ ತಾಯಂದಿರು ಹೆಚ್ಚಾಗಿ ಕೈ ತಪ್ಪಿ ಹೋಗೋದು. ಎರಡು ದಿನವಾದರೂ ಆಸ್ಪತ್ರೆಯಲ್ಲೇ ಇರಲಿ, ಸಹಿ ಹಾಕಿ ಬೇಗ ಕರಕೊಂಡು ಬರಬೇಡಿ. ಪ್ಯಾಡ್ ಗಂಟೆಗೊಂದರಂತೆ ತೊಯ್ದರೆ, ಹೋಗೋ ಸ್ರಾವ ಕೆಟ್ಟ ವಾಸನೆ ಬಂದರೆ, ಜ್ವರ, ತಲೆನೋವು, ಒಂದೇ ಕಾಲು ಊದಿ ನೋಯೋದು, ಎದೆ ನೋವು ಬಂದರೆ ಕಷಾಯ ಕೊಟ್ಟು ನೋಡೋದು ಬೇಡ. ಫಿಟ್ಸ್ ಹೆರಿಗೆ ಆದ ಮೇಲೂ ಬರಬಹುದು. ಸೊಸೆ ಸುಮ್ಮಸುಮ್ಮನೆ ಅಳ್ತಿದ್ದರೆ, ಮಗುವನ್ನ ಎತ್ತಿಕೊಳ್ಳೋಕೇ ಮನಸ್ಸಿಲ್ಲ ಅಂದರೆ ಸೋಮಾರಿತನ ಅಂತ ಬೈಯಬೇಡಿ, ಅದೂ ಚಿಕಿತ್ಸೆ ಇರೋ ಕಾಯಿಲೆಯೇ. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರ್ತಾಳೆ. ಮೈಲಿಗೆ, ಸೂತಕ ಅಂತ ಹೊಸ್ತಿಲಲ್ಲೇ ಮಾತಾಡಿಸಿ ಕಳಿಸಬೇಡಿ, ಒಳಗೆ ಕರೆದು ತಾಯಿಯನ್ನೂ ತೋರಿಸಿ.

ಬಿ.ಪಿ. ಇದ್ದವಳಿಗೆ ಮನೆಗೆ ಬಂದ ಮೊದಲ ವಾರದಲ್ಲೇ ಒಂದು ಸಲ ನೋಡಿಸಬೇಕು, ಮಾತ್ರೆಯನ್ನ ತಾನಾಗೇ ನಿಲ್ಲಿಸಬಾರದು. ಷುಗರ್ ಇದ್ದವಳಿಗೆ ಆರು ವಾರಕ್ಕೆ ಮತ್ತೆ ಆ ಗ್ಲೂಕೋಸ್ ಪರೀಕ್ಷೆ, ಆಮೇಲೂ ವರ್ಷಕ್ಕೊಮ್ಮೆ. ಮುಂದಿನ ಮಗುವಿಗೆ ಎರಡು ವರ್ಷವಾದರೂ ಬಿಡುವು ಬೇಕು, ಸಿಸೇರಿಯನ್ ಆಗಿದ್ದರೆ ಇನ್ನೂ ಮುಖ್ಯ. ಅದಕ್ಕೆ ಏನು ಮಾಡಬೇಕು ಅಂತ ಆ ಆರನೇ ವಾರದ ಭೇಟಿಯಲ್ಲೇ ಗಂಡನನ್ನೂ ಕರಕೊಂಡು ಹೋಗಿ ಕೇಳು. ಸದ್ಯಕ್ಕೆ ಈ ತಿಂಗಳ 9 ಯಾವ ವಾರ ಬಿದ್ದಿದೆ ಅಂತ ಕ್ಯಾಲೆಂಡರ್ ನೋಡಿಕೋ. ಭಾನುವಾರವೋ ರಜೆಯೋ ಆದರೆ ಮಾರನೆಯ ಕೆಲಸದ ದಿನ ನಡೆಯುತ್ತೆ. ಜೊತೆಗೆ ಬರೋಕೆ ಯಾರೂ ಇಲ್ಲ ಅಂದರೆ ಹಿಂದಿನ ದಿನವೇ ಹೇಳಿ ಕಳಿಸು, ನಾನು ಬರ್ತೀನಿ.